ತಂದೆತಾಯಿ ಬೇರೆಯಾದಾಗ ಮಕ್ಕಳ ಪಾಲನೆ



ನಮ್ಮ ಕಡೆ ಚಿಕ್ಕ ಮಕ್ಕಳನ್ನು ಕಂಡೊಡನೆ ದೊಡ್ಡವರು ಕೇಳುವ ಪ್ರಶ್ನೆಯೊಂದು ಉಂಟು: “ನಿನಗ ಅಪ್ಪ ಬೇಕೋ, ಅವ್ವ ಬೇಕೋ?” ಮಗು ಅಪ್ಪನ ಮುಖ ನೋಡುತ್ತದೆ, ಅವ್ವನ ಮುಖ ನೋಡುತ್ತದೆ. ಜಾಣ ಮಗುವಾದರೆ “ಇಬ್ಬರೂ ಬೇಕು” ಎನ್ನುತ್ತದೆ. ಎಲ್ಲರೂ ನಗುತ್ತಾರೆ, ಮಗುವೂ ನಗುತ್ತದೆ. ಆದರೆ ತಂದೆತಾಯಿ ಬೇರೆಯಾಗುತ್ತಿರುವ ಮನೆಯಲ್ಲಿ ಇದೇ ಪ್ರಶ್ನೆಯನ್ನು ನಗದೆ ಕೇಳುತ್ತಾರೆ. ಅಲ್ಲಿ “ಇಬ್ಬರೂ ಬೇಕು” ಎಂಬ ಉತ್ತರಕ್ಕೆ ಯಾರೂ ನಗುವುದಿಲ್ಲ. ಅನೇಕ ವೇಳೆ ಅದನ್ನು ಉತ್ತರವೆಂದೇ ಯಾರೂ ಒಪ್ಪುವುದಿಲ್ಲ.

ಈ ಪ್ರಶ್ನೆಯನ್ನು ಕಾನೂನು ಹೇಗೆ ನೋಡುತ್ತದೆ, ಮಕ್ಕಳ ಪಾಲನೆಯ ಏರ್ಪಾಡು ಹೇಗೆ ನಡೆಯುತ್ತದೆ, ಅದರಲ್ಲಿ ಮಕ್ಕಳ ಮಾತಿಗೆ ಎಷ್ಟು ಬೆಲೆ ಎಂಬುದನ್ನು ಇಂದು ವಿಚಾರ ಮಾಡೋಣ. ಇದು ದೊಡ್ಡವರ ವಿಷಯ, ವಿದ್ಯಾರ್ಥಿಗಳಿಗೆ ಏಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ವಿಚ್ಛೇದನ ದೊಡ್ಡವರಿಗೆ ಸಂಬಂಧಿಸಿದ್ದು ನಿಜ. ಆದರೆ ಪಾಲನೆಯ ಆದೇಶ ಬಂದಾಗ ಚೀಲ ಕಟ್ಟಿಕೊಂಡು ಹೊರಡಬೇಕಾದವರು, ಶಾಲೆ ಬದಲಿಸಬೇಕಾದವರು, ಹಬ್ಬಕ್ಕೆ ಎಲ್ಲಿಗೆ ಹೋಗಬೇಕೆಂದು ಕಾಯಬೇಕಾದವರು ಹದಿನೆಂಟು ವರ್ಷದೊಳಗಿನವರು. ನಿಮ್ಮ ತರಗತಿಯಲ್ಲಿಯೂ ಅಂಥವರು ಇರಬಹುದು. ಕೆಲವರಿಗೆ ಇದು ಸ್ವಂತ ಮನೆಯ ಮಾತೇ ಆಗಿರಬಹುದು.

ಮೊದಲು ನಮ್ಮ ನೆಲದಿಂದಲೇ ಆರಂಭಿಸೋಣ. ಇಂಡಿ ಸೀಮೆಯ ಹಲಸಂಗಿ ಎಂದೊಡನೆ ಕನ್ನಡ ಓದಿದವರಿಗೆ ಹಲಸಂಗಿ ಗೆಳೆಯರು ನೆನಪಾಗುತ್ತಾರೆ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಸಿದರು. 1931ರಲ್ಲಿ ‘ಗರತಿಯ ಹಾಡು’ ಹೊರಬಂದಿತು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು ಹಾಡಿಕೊಂಡದ್ದು ತವರನ್ನು, ಒಡಹುಟ್ಟಿದವರನ್ನು, ತೊಡೆಯ ಮೇಲಿನ ಕಂದನನ್ನು. ಆ ಹಾಡುಗಳನ್ನು ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು: ನಮ್ಮ ಸಂಸಾರದಲ್ಲಿ ಮಗುವಿಗೆ ಒಂದೇ ಮನೆ ಇರಲಿಲ್ಲ. ತಂದೆಯ ಮನೆ ಒಂದು, ತಾಯಿಯ ತವರು ಇನ್ನೊಂದು. ಎರಡು ಮನೆಗಳ ನಡುವೆ ಹೋಗಿ ಬರುವುದು ನಮ್ಮ ಮಕ್ಕಳಿಗೆ ಹೊಸದಲ್ಲ. ಹೊಸದಾದದ್ದು, ಒಂದು ಮನೆಗೆ ಹೋದರೆ ಇನ್ನೊಂದು ಮನೆಯ ಬಾಗಿಲು ಮುಚ್ಚುತ್ತದೆ ಎಂಬ ಭಯ.

ಮದುವೆ ಮುರಿಯುವುದೂ ಈ ಸೀಮೆಗೆ ಪಟ್ಟಣದಿಂದ ಬಂದ ಸಂಗತಿಯಲ್ಲ. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಸೋಡಚೀಟಿ ಎಂಬ ಪದ್ಧತಿ ಇತ್ತು. ಹಿರಿಯರು ಕೂಡಿ, ಗಂಡ ಹೆಂಡತಿ ಬಿಟ್ಟುಕೊಟ್ಟರೆಂದು ಚೀಟಿ ಬರೆಸುತ್ತಿದ್ದರು. ಬಿಟ್ಟುಬಂದ ಹೆಣ್ಣುಮಗಳಿಗೆ ಉಡಿಕಿಯಾಗುವ ದಾರಿಯೂ ಕೆಲವು ಸಮುದಾಯಗಳಲ್ಲಿ ಇತ್ತು. ಕೊಟ್ಟ ಒಡವೆ, ತೆಗೆದುಕೊಂಡ ಹಣ, ಮದುವೆಯ ಖರ್ಚು, ಇವೆಲ್ಲವನ್ನೂ ಹಿರಿಯರು ಲೆಕ್ಕ ಹಾಕುತ್ತಿದ್ದರು. ಮಕ್ಕಳ ಮಾತು ಬಂದಾಗ ಮಾತ್ರ ಲೆಕ್ಕ ಸಣ್ಣದಾಗುತ್ತಿತ್ತು. ಸಾಮಾನ್ಯವಾಗಿ “ಕುಡಿ ಅವರ ಮನೆಯದು” ಎಂಬ ಒಂದೇ ಮಾತಿನಲ್ಲಿ ಅದು ಮುಗಿಯುತ್ತಿತ್ತು. ಹಾಲು ಕುಡಿಯುವ ಕೂಸಾದರೆ ಕೆಲಕಾಲ ತಾಯಿಯ ಬಳಿ. ಮಗುವಿಗೆ ಏನು ಬೇಕು ಎಂದು ಕೇಳುವ ವಾಡಿಕೆ ಇರಲಿಲ್ಲ.

ವಿಜಯಪುರ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಆ ಪ್ರಾಂತದಲ್ಲಿ 1947ರಲ್ಲಿಯೇ ಹಿಂದೂಗಳ ವಿಚ್ಛೇದನಕ್ಕೆ ಕಾಯಿದೆಯಾಯಿತು. ಅಂದರೆ ದೇಶಕ್ಕೆಲ್ಲ ಹಿಂದೂ ವಿವಾಹ ಕಾಯಿದೆ ಬಂದ 1955ಕ್ಕಿಂತ ಎಂಟು ವರ್ಷ ಮೊದಲೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಹೆಣ್ಣುಮಗಳೊಬ್ಬಳು ವಿಚ್ಛೇದನಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬಹುದಾಗಿತ್ತು. 1955ರ ಕಾಯಿದೆ ರೂಢಿಯ ವಿಚ್ಛೇದನವನ್ನು ಪೂರ್ತಿ ಅಳಿಸಿಹಾಕಲಿಲ್ಲ. ಹಳೆಯ ರೂಢಿ ಇದ್ದದ್ದು ಸಿದ್ಧವಾದರೆ ಅದಕ್ಕೆ ಇಂದಿಗೂ ಮಾನ್ಯತೆ ಉಂಟು. ಆದರೆ ಒಂದು ವಿಷಯವನ್ನು ಚೆನ್ನಾಗಿ ನೆನಪಿಡಿ. ಹಿರಿಯರು ಬರೆಸಿದ ಚೀಟಿಯಲ್ಲಾಗಲಿ, ತಂದೆತಾಯಿ ತಾವೇ ಮಾಡಿಕೊಂಡ ಒಪ್ಪಂದದಲ್ಲಾಗಲಿ ಮಕ್ಕಳ ಬಗ್ಗೆ ಏನೇ ಬರೆದಿರಲಿ, ಅದು ಮಗುವಿನ ಹಿತಕ್ಕೆ ವಿರುದ್ಧವಾಗಿದ್ದರೆ ನ್ಯಾಯಾಲಯ ಅದಕ್ಕೆ ಕಟ್ಟುಬೀಳುವುದಿಲ್ಲ. ಗಂಡಹೆಂಡತಿ ತಮ್ಮ ಹಕ್ಕನ್ನು ಬಿಟ್ಟುಕೊಡಬಹುದು, ಮಗುವಿನ ಹಕ್ಕನ್ನು ಬಿಟ್ಟುಕೊಡಲು ಅವರಿಗೆ ಬರುವುದಿಲ್ಲ.

ಮಗು ತಂದೆಯ ಸೊತ್ತು ಎಂಬ ಭಾವನೆ ನಮ್ಮಲ್ಲಿ ಮಾತ್ರ ಇದ್ದುದಲ್ಲ. ಇಂಗ್ಲೆಂಡಿನಲ್ಲಿಯೂ 1839ರವರೆಗೆ ಬೇರೆಯಾದ ತಾಯಿಗೆ ತನ್ನ ಮಕ್ಕಳ ಮೇಲೆ ಹೇಳಿಕೊಳ್ಳುವಂಥ ಹಕ್ಕೇ ಇರಲಿಲ್ಲ. ಕ್ಯಾರೊಲೈನ್ ನಾರ್ಟನ್ ಎಂಬ ಲೇಖಕಿ ತನ್ನ ಮೂವರು ಗಂಡುಮಕ್ಕಳಿಂದ ದೂರವಾಗಿ, ಹಟತೊಟ್ಟು ಬರೆದು ಹೋರಾಡಿದ ಮೇಲೆ ಆ ವರ್ಷ ಒಂದು ಕಾಯಿದೆ ಬಂದಿತು. ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳಲು ತಾಯಿ ಅರ್ಜಿ ಹಾಕಬಹುದು ಎಂದು ಅದು ಹೇಳಿತು. ಅಲ್ಲಿಂದ ಮುಂದೆ ಜಗತ್ತಿನ ಕಾನೂನು ಮೆಲ್ಲಮೆಲ್ಲನೆ ‘ಮಗು ಯಾರದು’ ಎಂಬ ಪ್ರಶ್ನೆಯಿಂದ ‘ಮಗುವಿಗೆ ಯಾವುದು ಒಳಿತು’ ಎಂಬ ಪ್ರಶ್ನೆಯ ಕಡೆಗೆ ಸರಿಯಿತು.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ತಳಹದಿಯಾದದ್ದು 1890ರ ಪಾಲಕರ ಮತ್ತು ಪಾಲ್ಯರ ಕಾಯಿದೆ. ಅದು ಇಂದಿಗೂ ಜಾರಿಯಲ್ಲಿದೆ, ಎಲ್ಲ ಮತಧರ್ಮದವರಿಗೂ ಅನ್ವಯಿಸುತ್ತದೆ. ಹಿಂದೂಗಳಿಗೆ ಇದರ ಜೊತೆಗೆ 1956ರ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯಿದೆ ಉಂಟು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು ಎಂದು ಅದು ಹೇಳುತ್ತದೆ. ಮಗುವಿನ ಹಿತವೇ ಎಲ್ಲಕ್ಕಿಂತ ಮಿಗಿಲು ಎಂದೂ ಹೇಳುತ್ತದೆ. ಮುಸ್ಲಿಮರಲ್ಲಿ ‘ಹಿಜಾನತ್’ ಎಂಬ ಹೆಸರಿನಲ್ಲಿ ಚಿಕ್ಕ ಮಕ್ಕಳನ್ನು ಸಾಕುವ ಮೊದಲ ಹಕ್ಕು ತಾಯಿಯದು. ಹನಫಿ ಸಂಪ್ರದಾಯದಂತೆ ಗಂಡುಮಗುವಿಗೆ ಏಳು ವರ್ಷವಾಗುವವರೆಗೆ, ಹೆಣ್ಣುಮಗು ಮೈನೆರೆಯುವವರೆಗೆ ಅದು ನಡೆಯುತ್ತದೆ. ವಿವರಗಳು ಬೇರೆಬೇರೆಯಾದರೂ ವ್ಯಾಜ್ಯ ನ್ಯಾಯಾಲಯಕ್ಕೆ ಬಂದಾಗ ಎಲ್ಲರಿಗೂ ಇರುವ ಅಳತೆಗೋಲು ಒಂದೇ: ಮಗುವಿನ ಹಿತ.

1956ರ ಕಾಯಿದೆಯಲ್ಲಿ ಒಂದು ಮಾತು ಬಹುಕಾಲ ತಾಯಂದಿರನ್ನು ಕಾಡಿತು. ಅಪ್ರಾಪ್ತ ಮಗುವಿನ ಸಹಜ ಪಾಲಕ ತಂದೆ, ‘ಆತನ ನಂತರ’ ತಾಯಿ ಎಂದು ಅದರಲ್ಲಿ ಬರೆದಿದೆ. ಲೇಖಕಿ ಗೀತಾ ಹರಿಹರನ್ ಅವರು 1984ರಲ್ಲಿ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡುಗಳಿಗೆ ಅರ್ಜಿ ಹಾಕಿ, ಪಾಲಕಿಯೆಂದು ತಾವೇ ಸಹಿ ಮಾಡಿದರು. ತಂದೆಯ ಸಹಿ ಬೇಕೆಂದು ಅರ್ಜಿ ಹಿಂದಿರುಗಿತು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1999ರ ತೀರ್ಪಿನಲ್ಲಿ ನ್ಯಾಯಾಲಯ ‘ನಂತರ’ ಎಂದರೆ ತಂದೆ ತೀರಿಕೊಂಡ ನಂತರ ಎಂದಷ್ಟೇ ಅರ್ಥವಲ್ಲ ಎಂದಿತು. ತಂದೆ ದೂರವಿದ್ದಾಗ, ಮಗುವಿನ ಯೋಗಕ್ಷೇಮವನ್ನು ನೋಡದೆ ಇದ್ದಾಗಲೂ ತಾಯಿ ಪಾಲಕಳೇ. ಒಂದು ಪದದ ಅರ್ಥ ಬದಲಾದರೆ ಎಷ್ಟು ಮನೆಗಳ ಬಾಳು ಬದಲಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಇಷ್ಟರಲ್ಲಿ ‘ಪಾಲನೆ’ ಎಂಬುದು ಒಂದೇ ವಸ್ತುವಲ್ಲ ಎಂಬುದು ನಿಮಗೆ ತಿಳಿದಿರಬಹುದು. ಅದರಲ್ಲಿ ನಾಲ್ಕು ಎಳೆಗಳಿವೆ. ಮಗು ದಿನನಿತ್ಯ ಯಾರ ಮನೆಯಲ್ಲಿ ಇರುತ್ತದೆ ಎಂಬುದು ಒಂದು. ಶಾಲೆ, ಚಿಕಿತ್ಸೆ, ಆಸ್ತಿ ಇಂಥ ದೊಡ್ಡ ವಿಷಯಗಳಲ್ಲಿ ನಿರ್ಧಾರ ಯಾರದು ಎಂಬುದು ಎರಡು. ಜೊತೆಗಿಲ್ಲದ ತಂದೆ ಅಥವಾ ತಾಯಿ ಮಗುವನ್ನು ಯಾವಾಗ, ಹೇಗೆ ಕಾಣುತ್ತಾರೆ ಎಂಬುದು ಮೂರು. ಖರ್ಚನ್ನು ಯಾರು ಎಷ್ಟು ಭರಿಸುತ್ತಾರೆ ಎಂಬುದು ನಾಲ್ಕು. ಈ ನಾಲ್ಕನ್ನೂ ಒಬ್ಬರಿಗೇ ಗಂಟುಕಟ್ಟಿ ಕೊಡಬೇಕೆಂದು ಕಾನೂನು ಎಲ್ಲಿಯೂ ಹೇಳಿಲ್ಲ. ಆದರೂ ಜಗಳವಾಡುವವರು ಅದನ್ನು ಗೆಲುವು ಸೋಲೆಂದೇ ಎಣಿಸುತ್ತಾರೆ. “ಮಗು ನನಗೇ ಸಿಕ್ಕಿತು” ಎನ್ನುತ್ತಾರೆ. ಮಕ್ಕಳು ತಂದೆತಾಯಿಯ ಸೊತ್ತೂ ಅಲ್ಲ, ಆಟಿಕೆಯೂ ಅಲ್ಲ ಎಂಬ ಅರ್ಥದ ಮಾತನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 1973ರಲ್ಲಿಯೇ ಆಡಿದೆ.

ಒಂದು ಕೂಸಿಗಾಗಿ ಇಬ್ಬರು ಹೆಂಗಸರು ಜಗಳವಾಡಿದ ಕಥೆ ನಿಮಗೆ ಗೊತ್ತು. ಬೌದ್ಧರ ಜಾತಕದಲ್ಲಿ ಅದು ಉಂಟು, ಬೈಬಲ್ಲಿನ ಸೊಲೊಮನ್ ದೊರೆಯ ನ್ಯಾಯದಲ್ಲಿಯೂ ಅಂಥದೇ ಕಥೆ ಉಂಟು. ಜಾತಕದ ಕಥೆಯಲ್ಲಿ ನೆಲದ ಮೇಲೆ ಗೆರೆ ಎಳೆದು, ಮಗುವನ್ನು ಮಲಗಿಸಿ, ಎಳೆದುಕೊಳ್ಳಿರಿ ಎನ್ನುತ್ತಾರೆ. ಮಗು ಅತ್ತೊಡನೆ ಹೆತ್ತ ತಾಯಿ ಕೈಬಿಡುತ್ತಾಳೆ. ಅವಳೇ ತಾಯಿಯೆಂದು ತೀರ್ಪಾಗುತ್ತದೆ. ಕಥೆ ಸೊಗಸಾಗಿದೆ. ಆದರೆ ಅಲ್ಲಿ ಒಬ್ಬಳು ನಿಜವಾದ ತಾಯಿ, ಇನ್ನೊಬ್ಬಳು ಸುಳ್ಳುಗಾರ್ತಿ. ನಮ್ಮ ನ್ಯಾಯಾಲಯದ ಮುಂದೆ ನಿಲ್ಲುವವರು ಇಬ್ಬರೂ ನಿಜವಾದವರೇ. ಆದುದರಿಂದ ಯಾರು ನಿಜವೆಂದು ಕಂಡುಹಿಡಿಯುವ ಕೆಲಸ ಅಲ್ಲಿಲ್ಲ. ಎಳೆದಾಟವನ್ನು ನಿಲ್ಲಿಸುವ ಕೆಲಸ ಇದೆ. ಕೈಬಿಟ್ಟವರಿಗೆ ಮಗು ಪೂರ್ತಿ ಕೈತಪ್ಪುವುದಿಲ್ಲ ಎಂಬ ಭರವಸೆ ಇದ್ದರೆ ಮಾತ್ರ ಇಬ್ಬರೂ ಹಿಡಿತ ಸಡಿಲಿಸುತ್ತಾರೆ.

ಅಂಥ ಭರವಸೆ ಕೊಡುವ ಒಂದು ತೀರ್ಪು ನಮ್ಮ ರಾಜ್ಯದಲ್ಲಿಯೇ ಬಂದಿದೆ. 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವು ಮಗುವಿನ ಬೆಳವಣಿಗೆಗೆ ತಂದೆತಾಯಿ ಇಬ್ಬರೂ ಬೇಕೆಂದು ತಿಳಿದು, ಜಂಟಿ ಪಾಲನೆಯ ಆದೇಶ ನೀಡಿತು. ಮಗು ವರ್ಷದ ಆರು ತಿಂಗಳು ಒಬ್ಬರ ಬಳಿ, ಇನ್ನಾರು ತಿಂಗಳು ಮತ್ತೊಬ್ಬರ ಬಳಿ ಇರಬೇಕು. ಒಬ್ಬರ ಬಳಿ ಇರುವಾಗ ಶನಿವಾರ, ಭಾನುವಾರ ಇನ್ನೊಬ್ಬರು ಕಾಣಬಹುದು. ಮಗುವಿಗೆ ದೂರವಾಣಿಯಲ್ಲಿ ಅಥವಾ ವಿಡಿಯೊ ಮೂಲಕ ಮಾತನಾಡಲು ಅವಕಾಶ ಇರಬೇಕು. ಓದಿನ ಖರ್ಚು, ಇತರ ಖರ್ಚು ಸಮಪಾಲು. ಭಾರತದ ಕಾನೂನು ಆಯೋಗ 2015ರಲ್ಲಿ ಮಕ್ಕಳ ಪಾಲಕತ್ವವನ್ನು ಕುರಿತು ತನ್ನ 257ನೆಯ ವರದಿಯನ್ನು ಕೊಟ್ಟಾಗ ಈ ತೀರ್ಪನ್ನೂ ಉಲ್ಲೇಖಿಸಿತು. ಮಗುವಿಗೆ ಒಳಿತಾಗುವ ಕಡೆ ಜಂಟಿ ಪಾಲನೆಗೆ ಕಾನೂನಿನಲ್ಲಿಯೇ ಜಾಗ ಇರಬೇಕೆಂದು ಆಯೋಗ ಶಿಫಾರಸು ಮಾಡಿತು. ಆದರೆ ಎಲ್ಲರಿಗೂ ಕಣ್ಣುಮುಚ್ಚಿ ಅರ್ಧರ್ಧ ಹಂಚಿರಿ ಎಂದು ಅದು ಹೇಳಲಿಲ್ಲ. ಈ ಎಚ್ಚರಿಕೆ ಅಗತ್ಯವಾದದ್ದು. ರೊಟ್ಟಿಯನ್ನು ಎರಡು ಪಾಲು ಮಾಡಿದರೆ ಇಬ್ಬರ ಹಸಿವೂ ಅಷ್ಟಿಷ್ಟು ಹಿಂಗೀತು; ಮಗುವಿನ ವರ್ಷವನ್ನು ಎರಡು ಪಾಲು ಮಾಡುವಾಗ ಮಗುವಿನ ಶಾಲೆಯನ್ನು, ಗೆಳೆಯರನ್ನು, ನಿದ್ದೆಯನ್ನು ನೋಡಬೇಕಾಗುತ್ತದೆ.

ಇದನ್ನು ನಮ್ಮ ಹಳ್ಳಿಗೆ ತಂದು ನೋಡೋಣ. ಒಂದು ಮನೆಯನ್ನು ಊಹಿಸಿಕೊಳ್ಳಿರಿ. ತಾಯಿ ಹಲಸಂಗಿಯ ತವರಿನಲ್ಲಿದ್ದಾಳೆ. ಈ ಸೀಮೆಯ ಅನೇಕರಂತೆ ತಂದೆ ದುಡಿಯಲು ಪುಣೆಗೆ ಹೋಗಿದ್ದಾನೆ. ಅವನ ಹೊಲಮನೆ, ತಂದೆತಾಯಿ ಸಿಂದಗಿ ತಾಲೂಕಿನ ಹಳ್ಳಿಯಲ್ಲಿ. ಹತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಇಲ್ಲಿ ಆರು ತಿಂಗಳು ಪುಣೆ, ಆರು ತಿಂಗಳು ಹಲಸಂಗಿ ಎಂದರೆ ಮಗಳ ಕನ್ನಡ ಶಾಲೆಯ ಗತಿ ಏನು? ಹಾಗಾದರೆ ತಂದೆಗೆ ಏನೂ ಇಲ್ಲವೇ? ಇದೆ. ಮಕ್ಕಳಿಬ್ಬರೂ ಒಟ್ಟಿಗೆ ತಾಯಿಯ ಬಳಿ ಇದ್ದು ಒಂದೇ ಶಾಲೆಗೆ ಹೋಗಲಿ. ಬೇಸಿಗೆ ರಜೆಯಲ್ಲಿ ಒಂದು ತಿಂಗಳು, ದಸರಾ ರಜೆಯಲ್ಲಿ ಅರ್ಧ, ತಂದೆಯ ಮನೆಯಲ್ಲಿ ಕಳೆಯಲಿ. ನಾಗರಪಂಚಮಿಗೆ ತಾಯಿಯ ಕಡೆ ಜೋಕಾಲಿ ಆಡಲಿ. ಎಳ್ಳಮಾವಾಸ್ಯೆಯ ಚರಗಕ್ಕೆ ತಂದೆಯ ಹೊಲಕ್ಕೆ ಹೋಗಲಿ, ಅಜ್ಜ ಅಜ್ಜಿಯ ಜೊತೆ ಕುಳಿತು ಉಣ್ಣಲಿ. ವಾರಕ್ಕೆ ಎರಡು ದಿನ ಗೊತ್ತಾದ ಹೊತ್ತಿಗೆ ತಂದೆಯ ಫೋನು ಬರಲಿ. ಆ ಹೊತ್ತಿನಲ್ಲಿ ಯಾರೂ ಪಕ್ಕದಲ್ಲಿ ನಿಂತು ಕಿವಿಗೊಡದಿರಲಿ. ಮಕ್ಕಳನ್ನು ಒಪ್ಪಿಸುವುದು ಬಸ್‌ ನಿಲ್ದಾಣದ ಗದ್ದಲದಲ್ಲಿ ಬೇಡ, ಎರಡೂ ಕಡೆಯವರು ಮರ್ಯಾದೆ ಕೊಡುವ ಒಬ್ಬ ಹಿರಿಯರ ಮನೆಯಲ್ಲಿ ಆಗಲಿ. ಶಾಲೆಯ ಪ್ರಗತಿಪತ್ರ ಇಬ್ಬರಿಗೂ ತಲುಪಲಿ. ಖರ್ಚಿನ ಹಣ ಪ್ರತಿ ತಿಂಗಳು ಗೊತ್ತಾದ ತಾರೀಖಿಗೆ ಬ್ಯಾಂಕ್‌ ಖಾತೆಗೆ ಬರಲಿ, ಮಗುವಿನ ಕೈಯಲ್ಲಿ ಕೊಟ್ಟು ಕಳಿಸುವುದು ಬೇಡ.

ಇಂಥ ಏರ್ಪಾಡನ್ನು ಕಾಗದದ ಮೇಲೆ ಬರೆದಿಡುವುದು ಅಪನಂಬಿಕೆಯ ಗುರುತಲ್ಲ. ಬರೆದಿಟ್ಟರೆ ಪ್ರತಿ ಹಬ್ಬಕ್ಕೂ ಹೊಸ ಜಗಳ ಹುಟ್ಟುವುದಿಲ್ಲ, “ಈ ಸಲ ಎಲ್ಲಿಗೆ?” ಎಂದು ಮಗು ಆತಂಕಪಡಬೇಕಾಗಿಲ್ಲ. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರ ಇವು ಯಾರ ಬಳಿ ಇರಬೇಕು, ಇನ್ನೊಬ್ಬರಿಗೆ ಪ್ರತಿ ಹೇಗೆ ಸಿಗಬೇಕು ಎಂಬುದನ್ನೂ ಬರೆದಿಡುವುದು ಲೇಸು. ದೊಡ್ಡವರು ಪತ್ರ ಅಡಗಿಸಿಟ್ಟುಕೊಂಡ ಕಾರಣದಿಂದ ವಿದ್ಯಾರ್ಥಿವೇತನ ತಪ್ಪಿದರೆ ನಷ್ಟವಾಗುವುದು ಮಗುವಿಗೆ.

ಈಗ ನ್ಯಾಯಾಲಯದ ದಾರಿಯನ್ನು ತಿಳಿಯೋಣ. ಪಾಲಕತ್ವದ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಮೇಲೆ ಅಧಿಕಾರವುಳ್ಳ ನ್ಯಾಯಾಲಯದಲ್ಲಿ ಹಾಕಬೇಕೆಂದು 1890ರ ಕಾಯಿದೆ ಹೇಳುತ್ತದೆ. ತಂದೆ ಪುಣೆಯಲ್ಲಿದ್ದರೂ ಮಗು ಹಲಸಂಗಿಯಲ್ಲಿದ್ದರೆ ವಿಷಯ ಈ ಜಿಲ್ಲೆಗೇ ಬರಬೇಕು. ಬಸ್‌ ಖರ್ಚಿಗೂ ಕಷ್ಟಪಡುವ ತಾಯಿಗೆ ಇದು ಸಣ್ಣ ಮಾತಲ್ಲ. 1984ರ ಕಾಯಿದೆಯಂತೆ ಏರ್ಪಟ್ಟ ಕೌಟುಂಬಿಕ ನ್ಯಾಯಾಲಯ ವಿಜಯಪುರದಲ್ಲಿ ಇದೆ. ಮೇಲ್ಮನವಿಗೆ ಬೆಂಗಳೂರಿಗೆ ಹೋಗಬೇಕಾಗಿಲ್ಲ, ಕಲಬುರಗಿಯ ಉಚ್ಚ ನ್ಯಾಯಾಲಯ ಪೀಠ ಇದೆ. ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೆ ಪ್ರಯತ್ನಿಸಬೇಕು. ಆಪ್ತಸಮಾಲೋಚಕರ ನೆರವು ಪಡೆಯಬಹುದು. ಯಾರಾದರೊಬ್ಬರು ಬಯಸಿದರೆ ವಿಚಾರಣೆಯನ್ನು ಜನರೆದುರು ನಡೆಸದೆ ಒಳಗೇ ನಡೆಸಬೇಕು. ಬೆಂಗಳೂರಿನಲ್ಲಿ 2007ರಲ್ಲಿ ಆರಂಭವಾದ ಮಧ್ಯಸ್ಥಿಕೆಯ ಪದ್ಧತಿ ಈಗ ಜಿಲ್ಲೆಗಳಿಗೂ ಬಂದಿದೆ. ಅಲ್ಲಿ ಮಧ್ಯಸ್ಥರು ತೀರ್ಪು ಕೊಡುವುದಿಲ್ಲ. ಇಬ್ಬರೂ ತಾವೇ ಒಂದು ಒಪ್ಪಂದಕ್ಕೆ ಬರುವಂತೆ ನೆರವಾಗುತ್ತಾರೆ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ಕಾನೂನಿನ ನೆರವು ಉಚಿತ. ಅವರ ಆದಾಯ ಎಷ್ಟೆಂದು ಕೇಳುವಂತಿಲ್ಲ. ತಾಲೂಕಿನ ನ್ಯಾಯಾಲಯದ ಆವರಣದಲ್ಲಿ ತಾಲೂಕು ಕಾನೂನು ಸೇವೆಗಳ ಸಮಿತಿ, ವಿಜಯಪುರದಲ್ಲಿ ಜಿಲ್ಲಾ ಪ್ರಾಧಿಕಾರ ಇವೆ. 15100 ಎಂಬ ಸಂಖ್ಯೆಗೆ ಕರೆ ಮಾಡಿಯೂ ವಿಚಾರಿಸಬಹುದು. ಅರ್ಜಿಯನ್ನು ಇಂಡಿಯಲ್ಲಿ ಹಾಕಬೇಕೋ ವಿಜಯಪುರದಲ್ಲಿ ಹಾಕಬೇಕೋ ಎಂಬುದನ್ನೂ ಅವರೇ ತಿಳಿಸಿಕೊಡುತ್ತಾರೆ.

ಇನ್ನು ನಿಮಗೆ ಅತ್ಯಂತ ಹತ್ತಿರದ ಪ್ರಶ್ನೆ. ಮಗುವಿನ ಮಾತನ್ನು ಕೇಳುತ್ತಾರೆಯೇ? ಕೇಳುತ್ತಾರೆ. ತಿಳಿದು ಹೇಳುವಷ್ಟು ವಯಸ್ಸಾಗಿದ್ದರೆ ಮಗುವಿನ ಇಷ್ಟವನ್ನು ಗಮನಿಸಬಹುದೆಂದು 1890ರ ಕಾಯಿದೆಯೇ ಹೇಳಿದೆ. ಇಷ್ಟೇ ವರ್ಷವಾಗಿರಬೇಕೆಂದು ಅದರಲ್ಲಿ ಗೊತ್ತುಮಾಡಿಲ್ಲ. ಎಷ್ಟೋ ವೇಳೆ ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆದು, ತಂದೆತಾಯಿಯನ್ನೂ ವಕೀಲರನ್ನೂ ಹೊರಗಿರಿಸಿ ಮಾತನಾಡಿಸುತ್ತಾರೆ. ಆದರೆ ಒಂದು ಸೂಕ್ಷ್ಮವನ್ನು ತಿಳಿಯಬೇಕು. ಮಗುವಿನ ಇಷ್ಟವನ್ನು ಗಮನಿಸುವುದು ಬೇರೆ, ತೀರ್ಪಿನ ಭಾರವನ್ನು ಮಗುವಿನ ತಲೆಯ ಮೇಲೆ ಇಡುವುದು ಬೇರೆ. ತೀರ್ಪು ನ್ಯಾಯಾಧೀಶರದು. ನೀವು ಅಂಥ ಕೊಠಡಿಯಲ್ಲಿ ಕುಳಿತರೆ ಒಬ್ಬರನ್ನು ಆರಿಸಲೇಬೇಕೆಂಬ ಕಡ್ಡಾಯವಿಲ್ಲ. “ನನಗೆ ಆರಿಸಲು ಆಗುವುದಿಲ್ಲ” ಎನ್ನುವುದೂ ಒಂದು ಉತ್ತರವೇ. ಬೆಳಿಗ್ಗೆ ಎಬ್ಬಿಸುವವರು ಯಾರು, ಜ್ವರ ಬಂದರೆ ಪಕ್ಕದಲ್ಲಿ ಕೂಡುವವರು ಯಾರು, ಎಲ್ಲಿ ಓದಲು ಅನುಕೂಲ, ಯಾರನ್ನು ನೋಡದಿದ್ದರೆ ಬೇಸರ, ಯಾವುದಕ್ಕೆ ಭಯ, ಇವುಗಳನ್ನು ಇದ್ದದ್ದು ಇದ್ದ ಹಾಗೆ ಹೇಳಿದರೆ ಸಾಕು. ಯಾರೋ ಬಾಯಿಪಾಠ ಮಾಡಿಸಿ ಕಳಿಸಿದ ಮಾತು ಅನುಭವಸ್ಥ ನ್ಯಾಯಾಧೀಶರಿಗೆ ತಿಳಿಯುವುದು ಕಷ್ಟವಲ್ಲ.

ಹಿತ ಎಂದರೆ ಹಣವಲ್ಲ ಎಂಬುದನ್ನೂ ಸೇರಿಸಬೇಕು. ಹೆಚ್ಚು ಗಳಿಸುವವರಿಗೇ ಮಗುವನ್ನು ಒಪ್ಪಿಸಬೇಕೆಂಬ ನಿಯಮವಿಲ್ಲ. ಹಣದ ಕೊರತೆಯನ್ನು ಇನ್ನೊಬ್ಬರಿಂದ ಜೀವನಾಂಶ ಕೊಡಿಸಿ ತುಂಬಬಹುದು. ಅಕ್ಕರೆಯ ಕೊರತೆಯನ್ನು ಯಾವ ಆದೇಶವೂ ತುಂಬಲಾರದು. ಮಕ್ಕಳ ಜೀವನಾಂಶಕ್ಕೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿ ಅರ್ಜಿ ಹಾಕಬಹುದು. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಲ್ಲಿ ಇತ್ತು. ಜೀವನಾಂಶಕ್ಕೂ ಭೇಟಿಗೂ ಗಂಟುಹಾಕಬಾರದು. “ಮಗುವನ್ನು ತೋರಿಸಲಿಲ್ಲ, ಹಣ ಕೊಡುವುದಿಲ್ಲ” ಎಂದು ಒಬ್ಬರು, “ಹಣ ಬರಲಿಲ್ಲ, ಮಗುವನ್ನು ತೋರಿಸುವುದಿಲ್ಲ” ಎಂದು ಇನ್ನೊಬ್ಬರು ಹಟ ಹಿಡಿದರೆ ಮಗುವಿಗೆ ಎರಡೂ ತಪ್ಪುತ್ತವೆ. ಎರಡೂ ಮಗುವಿಗೆ ಸಲ್ಲಬೇಕಾದವು. ಒಂದರ ಮೇಲಿನ ಸಿಟ್ಟನ್ನು ಇನ್ನೊಂದರ ಮೇಲೆ ತೀರಿಸಬಾರದು.

ಒಕ್ಕಲುತನದ ಮನೆಗಳಲ್ಲಿ ಮತ್ತೊಂದು ಭಯ ಇರುತ್ತದೆ. ತಾಯಿಯ ಜೊತೆ ಹೋದರೆ ತಂದೆಯ ಹೊಲದಲ್ಲಿ ಪಾಲು ಹೋಯಿತು ಎಂದು ಹೆದರಿಸುವವರು ಉಂಟು. ಇದು ಸುಳ್ಳು. ವಿಚ್ಛೇದನ ಗಂಡಹೆಂಡತಿಯ ಸಂಬಂಧವನ್ನು ಕಡಿಯುತ್ತದೆ. ತಂದೆ ಮಕ್ಕಳ ಸಂಬಂಧವನ್ನು ಕಡಿಯುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಮಕ್ಕಳಿಗಿರುವ ಹಕ್ಕು ಅವರು ಎಲ್ಲಿ ಬೆಳೆದರೂ ಉಳಿಯುತ್ತದೆ. 1994ರಲ್ಲಿ ಕರ್ನಾಟಕದ ತಿದ್ದುಪಡಿ, 2005ರಲ್ಲಿ ದೇಶದ ತಿದ್ದುಪಡಿ ಬಂದ ಮೇಲೆ ಹೆಣ್ಣುಮಕ್ಕಳಿಗೂ ಆ ಹಕ್ಕು ಉಂಟು. ಅಪ್ರಾಪ್ತ ಮಗುವಿನ ಹೆಸರಿನಲ್ಲಿ ಪ್ರತ್ಯೇಕವಾಗಿರುವ ಹೊಲ ಮನೆಯನ್ನು ನ್ಯಾಯಾಲಯದ ಅಪ್ಪಣೆಯಿಲ್ಲದೆ ತಂದೆಯೂ ಮಾರುವಂತಿಲ್ಲ, ತಾಯಿಯೂ ಮಾರುವಂತಿಲ್ಲ.

ಎಲ್ಲ ಮನೆಗಳಿಗೂ ಒಂದೇ ಮದ್ದು ಹೇಳಲಾಗದು. ಹೊಡೆತ ಬಡಿತ ಇದ್ದಲ್ಲಿ, ಕುಡಿತದಿಂದ ಮಗುವಿಗೆ ಅಪಾಯವಿದ್ದಲ್ಲಿ, ಮಗುವಿನ ಮೈಮನಸ್ಸಿಗೆ ಕೇಡು ಮಾಡುವವರು ಇದ್ದಲ್ಲಿ ‘ಇಬ್ಬರೂ ಬೇಕು’ ಎಂಬ ಮಾತಿಗಿಂತ ಸುರಕ್ಷತೆ ಮೊದಲು. ಅಂಥ ಕಡೆ ನ್ಯಾಯಾಲಯ ಭೇಟಿಯನ್ನು ಬೇರೊಬ್ಬರ ಸಮ್ಮುಖದಲ್ಲಿ ಮಾತ್ರ ಆಗುವಂತೆ ಗೊತ್ತುಮಾಡಬಹುದು, ಪೂರ್ತಿ ನಿಲ್ಲಿಸಲೂಬಹುದು. ನಿಮಗಾಗಲಿ ನಿಮ್ಮ ಗೆಳೆಯರಿಗಾಗಲಿ ಇಂಥ ಅಪಾಯ ಇದ್ದರೆ 1098ಕ್ಕೆ ಕರೆ ಮಾಡಿರಿ. ಅದು ಮಕ್ಕಳಿಗಾಗಿಯೇ ಇರುವ ಸಹಾಯವಾಣಿ, ಕರೆಗೆ ಹಣವಿಲ್ಲ. ನಂಬಿಕೆಯ ಶಿಕ್ಷಕರಿಗೆ ಹೇಳುವುದೂ ಒಂದು ದಾರಿ. ಪಾಲನೆಯ ಆದೇಶ ಎಂದಿಗೂ ಕೊನೆಯ ಮಾತಲ್ಲ ಎಂಬುದೂ ನೆನಪಿರಲಿ. ಮಗು ಬೆಳೆದಂತೆ, ಮನೆಯ ಪರಿಸ್ಥಿತಿ ಬದಲಾದಂತೆ ಅದನ್ನು ಬದಲಿಸಬೇಕೆಂದು ಕೇಳಬಹುದು. ನಾಲ್ಕು ವರ್ಷದ ಮಗುವಿಗೆ ಹೊಂದಿದ ಏರ್ಪಾಡು ಹದಿನಾಲ್ಕರ ಹುಡುಗನಿಗೆ ಹೊಂದಬೇಕೆಂದಿಲ್ಲ.

ಕೊನೆಯದಾಗಿ, ನಿಮ್ಮಿಂದ ಆಗಬಹುದಾದ ಒಂದೆರಡು ಕೆಲಸಗಳನ್ನು ಹೇಳುತ್ತೇನೆ. ನಿಮ್ಮ ತರಗತಿಯಲ್ಲಿ ಇಂಥ ಮನೆಯಿಂದ ಬಂದವರಿದ್ದರೆ “ನಿಮ್ಮಪ್ಪ ಎಲ್ಲಿ?” ಎಂದು ಕೆದಕಬೇಡಿರಿ. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿರಿ, ಕೇಳಿದ್ದನ್ನು ಊರಿಗೆ ಹಂಚಬೇಡಿರಿ. ನಿಮ್ಮದೇ ಮನೆಯಲ್ಲಿ ಇಂಥ ಕಾಲ ಬಂದಿದ್ದರೆ ಮೊದಲು ಇದನ್ನು ನಂಬಿರಿ: ಜಗಳ ನಿಮ್ಮಿಂದ ಹುಟ್ಟಿದ್ದಲ್ಲ, ಅದನ್ನು ಕೂಡಿಸಿ ಸರಿಮಾಡುವ ಹೊಣೆಯೂ ನಿಮ್ಮದಲ್ಲ. ಒಬ್ಬರ ಸಿಟ್ಟಿನ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಕೆಲಸಕ್ಕೆ ಒಪ್ಪಬೇಡಿರಿ. “ಅದನ್ನು ನೀವೇ ಹೇಳಿರಿ” ಎನ್ನುವುದು ಉದ್ಧಟತನವಲ್ಲ. ಒಂದು ಮನೆಯಲ್ಲಿ ನಕ್ಕರೆ ಇನ್ನೊಂದು ಮನೆಗೆ ದ್ರೋಹವಾಯಿತೆಂದು ಎಣಿಸಬೇಡಿರಿ.

ತಂದೆತಾಯಿಯಿಂದ ದೂರವಾದ ಮಗುವಿಗೆ, ಅದರ ಹಿತಕ್ಕೆ ಕೇಡಾಗದಿದ್ದರೆ, ಇಬ್ಬರೊಡನೆಯೂ ಸಂಬಂಧ ಇಟ್ಟುಕೊಳ್ಳುವ ಹಕ್ಕಿದೆ ಎಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಇಲ್ಲಿ ಹಕ್ಕು ಯಾರದು ಎಂಬುದನ್ನು ಗಮನಿಸಿರಿ. ತಂದೆಯ ಹಕ್ಕು, ತಾಯಿಯ ಹಕ್ಕು ಎಂದು ಅಲ್ಲಿ ಬರೆದಿಲ್ಲ. ಮಗುವಿನ ಹಕ್ಕು ಎಂದು ಬರೆದಿದೆ. ನಾಳೆ ನಿಮ್ಮಲ್ಲಿ ಕೆಲವರು ವಕೀಲರಾಗುತ್ತೀರಿ, ಶಿಕ್ಷಕರಾಗುತ್ತೀರಿ, ಊರಿನ ಹಿರಿಯರಾಗಿ ನಾಲ್ಕು ಜನರ ನ್ಯಾಯ ಬಗೆಹರಿಸಲು ಕೂಡುತ್ತೀರಿ. ಅಂದು ಒಡವೆಯ ಲೆಕ್ಕಕ್ಕಿಂತ ಮೊದಲು ಮಗುವಿನ ಶಾಲೆ ಯಾವುದು, ಹಬ್ಬ ಎಲ್ಲಿ, ಫೋನು ಯಾವಾಗ, ಖರ್ಚು ಯಾರದು ಎಂಬ ಲೆಕ್ಕವನ್ನು ಬರೆಸಿರಿ.